ಇಲ್ಲದ ಹರಕೆ ಹೊತ್ತು ಕುಣಿಗಲ್‌ಗೆ ಓಡಿದ್ದು

ಶುಕ್ರವಾರ ಬೆಳಿಗ್ಗೆ ಐದು ಮುಕ್ಕಾಲಿಗೆ ತುಮಕೂರಿನ ಶಿರಾ ಗೇಟ್‌ನಿಂದ ಹೊರಟೆ. ಡಿಸೆಂಬರ್ ತಿಂಗಳ ಮಂಜು. ಟೀ ಅಂಗಡಿಯವನು ಆಗಷ್ಟೇ ಸ್ಟವ್ ಹಚ್ಚುತ್ತಿದ್ದ. ಹೋಗಬೇಕಾಗಿದ್ದುದು ಕುಣಿಗಲ್‌ಗೆ. ತುಮಕೂರಿನಿಂದ ಅದು ನೇರ ದಕ್ಷಿಣಕ್ಕೆ, ಮೂವತ್ತೈದು ಕಿಲೋಮೀಟರಿನ ಆಸುಪಾಸು. ನಾನು ಹೊರಟಿದ್ದು ಮಾತ್ರ ಪಶ್ಚಿಮಕ್ಕೆ, ಗುಬ್ಬಿಯ ಕಡೆ. ಯಾಕೆಂದು ಮುಂದೆ ಹೇಳುತ್ತೇನೆ. ಪ್ರವಾಸದ ಬಗ್ಗೆ ಬರೆಯುವವರು ಬಸ್ ಚಾರ್ಜು ಎಷ್ಟೆಂದು ತಿಳಿಸುವುದು ವಾಡಿಕೆ. ನನಗೆ ಆ ತಾಪತ್ರಯವಿಲ್ಲ. ನಮ್ಮಲ್ಲೀಗ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ. ಅದೂ ಅಲ್ಲದೆ ನಾನು ಬಸ್ಸು ಹತ್ತಲೇ ಇಲ್ಲ. ಮೂರು ದಿನ ಓಡಿಕೊಂಡು ಹೋದೆ.

ನನಗೆ ನಲವತ್ತೆರಡು ವರ್ಷ. ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ. ಶಾಲೆಯಲ್ಲಿದ್ದಾಗ ಆಟದ ಪೀರಿಯಡ್ಡಿನಲ್ಲಿ ಹೊಟ್ಟೆನೋವೆಂದು ಮರದಡಿ ಕೂರುತ್ತಿದ್ದವಳು ನಾನು. ಓಟ ನನ್ನ ಬಾಳಿಗೆ ಬಂದದ್ದು ಒಂದೂವರೆ ವರ್ಷದ ಹಿಂದೆ, ಅದೂ ಬಸ್ಸು ತಪ್ಪಿದ್ದರಿಂದ. ಬೆಳಿಗ್ಗೆ ಆರೂವರೆಗೆ ಲ್ಯಾಬಿನಲ್ಲಿರಬೇಕು, ಖಾಲಿ ಹೊಟ್ಟೆಯಲ್ಲಿ ಬಂದವರು ಕಾಯುತ್ತಿರುತ್ತಾರೆ. ಅವತ್ತು ಶಿರಾ ಗೇಟ್‌ನಲ್ಲಿ ಸಿಟಿ ಬಸ್ಸು ಕಣ್ಣೆದುರೇ ಹೊರಟುಬಿಟ್ಟಿತು. ಹಿಂದೆಯೇ ಓಡಿದೆ. ಮುಂದಿನ ಸ್ಟಾಪಿನಲ್ಲಿ ಸಿಗಲಿಲ್ಲ. ಅದರ ಮುಂದಿನದರಲ್ಲಿ ಕಂಡಕ್ಟರ್ ಪಾಪ, ಬಾಗಿಲು ಹಿಡಿದು ಕಾದಿದ್ದ.

"ಬನ್ನಿ ಮೇಡಂ, ನಿಧಾನ," ಅಂದ.

ಕಂಬಿಯ ಮೇಲೆ ಕೈಯಿಟ್ಟೆ, ಮೆಟ್ಟಿಲ ಮೇಲೆ ಕಾಲಿಡಲಿಲ್ಲ. "ನೀವು ಹೋಗಿ," ಅಂದೆ.

"ಮತ್ಯಾಕ್ ಅಷ್ಟ್ ದೂರದಿಂದ ಓಡ್ಬಂದ್ರಿ?" ಎಂದು ಕೇಳಿ ರೈಟ್ ಹೇಳಿದ.

ಉಳಿದ ದಾರಿಯನ್ನೂ ಚಪ್ಪಲಿಯಲ್ಲೇ ಓಡಿದೆ, ಹೆಗಲಿನ ಬ್ಯಾಗಿನಲ್ಲಿ ಟಿಫನ್ ಡಬ್ಬಿ ಕುಣಿಯುತ್ತಿತ್ತು. ಎದೆ ಹೊಡೆದುಕೊಳ್ಳುತ್ತಿತ್ತು, ಪಕ್ಕೆ ಹಿಡಿದಿತ್ತು, ಆದರೂ ಖುಷಿಯಾಗಿತ್ತು. ಮಾರನೇ ದಿನ ಅರ್ಧ ಗಂಟೆ ಮುಂಚೆಯೇ ಎದ್ದು ಬಸ್ ಸ್ಟಾಪಿಗೆ ಹೋಗದೆ ರಿಂಗ್ ರೋಡಿನ ಕಡೆ ಹೋದೆ. ಹೀಗೆ ಎರಡು ಕಿಲೋಮೀಟರಿನಿಂದ ಐದಾಯಿತು, ಐದರಿಂದ ಹನ್ನೆರಡಾಯಿತು. ಭಾನುವಾರ ಹದಿನೆಂಟೂ ಆದದ್ದುಂಟು.

ಓಡುವುದೇನೋ ಓಡಬಹುದು, ಯಾಕೆ ಓಡುತ್ತೀಯ ಎಂದವರಿಗೆ ಹೇಳುವುದೇನು? ಮೊದಲು ಕೇಳಿದ್ದು ನಮ್ಮ ಅತ್ತೆ. ಎಪ್ಪತ್ತೊಂದು ವರ್ಷ, ಗುಬ್ಬಿಯಲ್ಲಿ ಹುಟ್ಟಿ ಬೆಳೆದವರು, ಯಾವ ಮಾತನ್ನೂ ಅರ್ಧಕ್ಕೆ ಬಿಡುವವರಲ್ಲ. ಶುಗರ್ ಬರೋ ಹಾಗಿದೆ, ಡಾಕ್ಟರು ಓಡು ಅಂದಿದ್ದಾರೆ ಎಂದೆ. "ರಿಪೋರ್ಟ್ ತೋರ್ಸು," ಎಂದರು. ಲ್ಯಾಬಿನವಳ ಮನೆಯಲ್ಲಿ ರಿಪೋರ್ಟಿಗೇನು ಬರ. ತಂದು ತೋರಿಸಿದೆ. ಎಲ್ಲಾ ನಾರ್ಮಲ್ ಇತ್ತು. ಸುಳ್ಳು ರಿಪೋರ್ಟು ಬರೆಯುವುದು ನನ್ನಿಂದಾಗದ ಕೆಲಸ. ಸಂಕಟ ಬಂದಾಗ ವೆಂಕಟರಮಣ ಅನ್ನುತ್ತಾರಲ್ಲ, ಹಾಗೆ ಬಾಯಿಗೆ ಬಂದದ್ದು ಹರಕೆ.

"ಹರಕೆ ಹೊತ್ಕೊಂಡಿದೀನಿ ಅತ್ತೆ," ಅಂದೆ. "ಕುಣಿಗಲ್ ಕೆರೆ ಏರಿ ಮೇಲೆ ಒಂದು ಅಮ್ಮನ ಗುಡಿ ಇದೆಯಲ್ಲ, ಅಲ್ಲಿಗೆ ಓಡ್ಕೊಂಡ್ ಬರ್ತೀನಿ ಅಂತ. ಅದಕ್ಕೆ ಅಭ್ಯಾಸ."

"ಯಾತಕ್ ಹೊತ್ಕಂಡೆ?"

ಅದೇ ತಿಂಗಳು ಅವರಿಗೆ ಕಣ್ಣಿನ ಪೊರೆ ಆಪರೇಷನ್ ಆಗಿತ್ತು. ಕಪ್ಪು ಕನ್ನಡಕ ಹಾಕಿಕೊಂಡೇ ನನ್ನ ಎದುರು ಕೂತಿದ್ದರು. "ನಿಮ್ ಕಣ್ಣಿಗೆ," ಅಂದುಬಿಟ್ಟೆ.

ಅವರು ಸೆರಗು ತೆಗೆದುಕೊಂಡು ಕನ್ನಡಕದ ಕೆಳಗೆ ಒರೆಸಿಕೊಂಡರು. ಕಣ್ಣು ಒರೆಸಬಾರದು ಎಂದು ಡಾಕ್ಟರು ಹೇಳಿದ್ದರು, ಅದನ್ನು ನಾನು ನೆನಪಿಸಲಿಲ್ಲ. ಸಂಜೆಯೊಳಗೆ ಇಡೀ ಬೀದಿಗೆ ಗೊತ್ತಾಗಿತ್ತು. "ನಮ್ ಶೈಲ ನನ್ ಕಣ್ಣಿಗ್ ಹೊತ್ಕಂಡವ್ಳೆ. ಈ ಕಾಲ್ದಲ್ಲಿ ಯಾರ್ ಸೊಸೆ ಹಿಂಗ್ ಮಾಡ್ತಾಳೆ ಹೇಳಿ," ಎಂದು ಎದುರುಮನೆಯವರಿಗೆ ಹೇಳುತ್ತಿದ್ದುದನ್ನು ಅಡುಗೆಮನೆಯಿಂದ ಕೇಳಿಸಿಕೊಂಡೆ. ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಆದರೂ ಬೆಳಿಗ್ಗೆ ಎದ್ದು ಓಡಲು ಹೋದೆ, ಅದೂ ನಿಜ.

ಹೇಳಿದ ಮೇಲೆ ತೀರಿಸಬೇಕಲ್ಲ. ದಾರಿ ಗೊತ್ತುಮಾಡಿದವರು ಅತ್ತೆಯೇ. ಗುಬ್ಬಿಯ ಮನೆದೇವರಿಗೆ ತಿಳಿಸದೆ ಬೇರೆ ದೇವರ ಹರಕೆ ತೀರಿಸುವಂತಿಲ್ಲ. ಆದ್ದರಿಂದ ಮೊದಲು ಗುಬ್ಬಿ, ಅಲ್ಲಿಂದ ಒಳದಾರಿಯಲ್ಲಿ ಹೆಬ್ಬೂರು, ಆಮೇಲೆ ಕುಣಿಗಲ್. ಮೂವತ್ತೈದು ಹೋಗಿ ಅರವತ್ತೈದರ ಹತ್ತಿರ ಆಯಿತು. ನಾನು ಮುಖ ಸಪ್ಪೆ ಮಾಡಿಕೊಂಡೆ, ಒಳಗೊಳಗೇ ಸಂತೋಷವಾಗಿತ್ತು. ಹರಕೆಗೆ ಬರಿಗಾಲಲ್ಲಿ ಹೋಗಬೇಕೆಂಬ ಮಾತೂ ಬಂತು. ಅತ್ತೆ ನನ್ನ ಶೂ ಎತ್ತಿ, ಮೂಸಿ, ತಿರುಗಿಸಿ ನೋಡಿದರು. "ಚರ್ಮದ್ದಾ?" ಎಂದರು. ಬಟ್ಟೆ, ರಬ್ಬರ್ ಅಷ್ಟೆ ಎಂದೆ. "ಹಂಗಾರೆ ದೋಷ ಇಲ್ಲ, ಹಾಕ್ಕೊ." ಶಿರಾ ಗೇಟ್‌ನಲ್ಲಿ ಮೋಟಾರ್ ರೀವೈಂಡಿಂಗ್ ಅಂಗಡಿ ಇಟ್ಟಿರುವ ನಮ್ಮ ಯಜಮಾನರು ಹೇಳಿದ್ದು ಒಂದೇ ಮಾತು: "ಬಿಸಿ ಆದ್ರೆ ನಿಲ್ಸ್ಬಿಡೇ. ಸುಟ್ಟೋದ್ಮೇಲೆ ರಿಪೇರಿ ಕಷ್ಟ." ಭಾನುವಾರ ಮಧ್ಯಾಹ್ನದ ಹೊತ್ತಿಗೆ ಅವರಿಬ್ಬರೂ ಬಸ್ಸಿನಲ್ಲಿ ಕುಣಿಗಲ್‌ಗೆ ಬಂದು ಗುಡಿಯ ಹತ್ತಿರ ಕಾಯುವುದೆಂದು ಮಾತಾಯಿತು.

ಮೊದಲ ದಿನ ಗುಬ್ಬಿಗೆ ಇಪ್ಪತ್ತು ಕಿಲೋಮೀಟರು, ಹೆದ್ದಾರಿ. ಹೆಗ್ಗೆರೆ ಬರುವಷ್ಟರಲ್ಲಿ ಬೆಳಕಾಯಿತು. ಒಬ್ಬ ಬೈಕಿನವನು ಪಕ್ಕಕ್ಕೆ ಬಂದು, "ಬನ್ನಿ ಅಕ್ಕ, ಗುಬ್ಬಿಗಂಟ ಬಿಡ್ತೀನಿ," ಅಂದ. ಬೇಡ ಎಂದೆ. ಅವನು ಹೋಗಲಿಲ್ಲ. ಮೊದಲನೇ ಗೇರಿನಲ್ಲಿ ನನ್ನ ಜೊತೆಗೇ ಬಂದ. ಸ್ವಲ್ಪ ದೂರ ಹೋದ ಮೇಲೆ ದನಿ ತಗ್ಗಿಸಿ, "ಮನೇಲೇನಾರ ಜಗಳ ಆಯ್ತಾ ಅಕ್ಕ?" ಎಂದು ಕೇಳಿದ. ಇಲ್ಲ ಎಂದೆ. "ಏನೇ ಆಗಿರ್ಲಿ, ಕೂತ್ಕಂಡ್ ಮಾತಾಡ್ಕಳಿ. ಹಿಂಗ್ ರೋಡಿಗ್ ಬರ್ಬಾರ್ದು." ಎಷ್ಟು ಹೇಳಿದರೂ ನಂಬದೆ ಒಂದು ಕಿಲೋಮೀಟರು ಕಾವಲು ಕಾದು ಆಮೇಲೆ ಹೋದ.

ಹೆಗ್ಗೆರೆ ದಾಟಿದ ಮೇಲೆ ಸ್ಟಾಪಿನಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡು ಒಬ್ಬ ಹೆಂಗಸು ಬಸ್ಸಿಗೆ ಕಾಯುತ್ತಿದ್ದಳು. ನೀರು ಕುಡಿಯಲು ನಿಂತೆ. ಮೇಲಿಂದ ಕೆಳಗೆ ನೋಡಿದಳು.

"ಯಾಕವ್ವ ಹಿಂಗ್ ಓಡ್ತಿದೀಯ? ಬಸ್ ಫ್ರೀ ಐತಲ್ಲ."

"ಗೊತ್ತಮ್ಮ."

"ಆಧಾರ್ ಕಾರ್ಡ್ ಮರ್ತ್ ಬಂದ್ಯಾ?" ಮರುಕದಿಂದ ಕೇಳಿದಳು. "ಇರು, ಈ ಬಸ್ಸಿನ್ ಕಂಡಕ್ಟ್ರು ನಮ್ಮೋನೇ. ನಾನ್ ಹೇಳ್ತೀನಿ, ಕೂರ್ಸ್ಕಂತಾನೆ."

ನಗು ತಡೆಯಲಾಗಲಿಲ್ಲ. ಬ್ಯಾಗಿನಿಂದ ಕಾರ್ಡು ತೆಗೆದು ತೋರಿಸಿದೆ. ಅದು ಇದ್ದೂ ಓಡುತ್ತಿದ್ದೇನೆ ಎಂದಾಗ ಅವಳ ಗೊಂದಲ ಇನ್ನೂ ಹೆಚ್ಚಾಯಿತು. ಕೊನೆಗೆ ಕುಣಿಗಲ್ ಅಮ್ಮನಿಗೆ ಹರಕೆ ಎಂದೆ. ತಕ್ಷಣ ಅವಳ ಮುಖ ಬದಲಾಯಿತು. ಬುಟ್ಟಿಯಿಂದ ಒಂದು ಮೊಳ ಸೇವಂತಿಗೆ ಹರಿದು, "ಅಮ್ಮಂಗೆ ಮುಡಿಸ್ಬುಡು," ಎಂದು ಕೈಗಿಟ್ಟಳು. ದುಡ್ಡು ಮುಟ್ಟಲಿಲ್ಲ. ಅತ್ತೆಗೆ ಹೇಳಿದ ಸುಳ್ಳು ಒಂದು ತೂಕ, ಹೂವು ಮಾರುವವಳ ಕೈಯಿಂದ ಹೂವು ಇಸಿದುಕೊಂಡ ಸುಳ್ಳು ಇನ್ನೊಂದು ತೂಕ. ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಬ್ಯಾಗಿನಲ್ಲಿಟ್ಟೆ.

ಮಲ್ಲಸಂದ್ರದ ಹತ್ತಿರ ಒಂದು ತಪ್ಪು ಮಾಡಿದೆ. ಹೋಟೆಲಿನಲ್ಲಿ ಬಿಸಿಬಿಸಿ ತಟ್ಟೆ ಇಡ್ಲಿ ಕಂಡು ಎರಡು ತಿಂದೆ, ಮೇಲೊಂದು ವಡೆ. ತಟ್ಟೆ ಇಡ್ಲಿ ತಿಂದವರು ಮಲಗಬೇಕು, ಓಡಬಾರದು. ಮುಂದಿನ ಮೂರು ಕಿಲೋಮೀಟರು ನಡೆದೇ ಹೋದೆ. ಪಕ್ಕದಲ್ಲಿ ರೈಲು ಒಂದು ಹೋಯಿತು, ಬಾಗಿಲಲ್ಲಿ ನಿಂತಿದ್ದ ಹುಡುಗಿಯರು ಕೈ ಬೀಸಿದರು. ಅದಾದ ಮೇಲೆ ಹೊಟ್ಟೆ ಹಗುರಾಗಿ ಕಾಲು ತಾನೇ ಲಯಕ್ಕೆ ಬಂತು. ಆಗ ಸ್ವಲ್ಪ ಹೊತ್ತು ನನಗೆ ಅತ್ತೆ ನೆನಪಿರಲಿಲ್ಲ, ಹರಕೆ ನೆನಪಿರಲಿಲ್ಲ, ನನ್ನ ಹೆಸರೂ ಬೇಕಿರಲಿಲ್ಲ. ಗುಬ್ಬಿಯ ಬೋರ್ಡು ಕಂಡಾಗ ಇಷ್ಟು ಬೇಗ ಬಂತಲ್ಲ ಎಂದು ಬೇಸರವಾಯಿತು. ದೇವರ ಹೆಸರು ಹೇಳಿಕೊಂಡು ಹೊರಟವಳು ಇಷ್ಟು ಸುಖಪಡಬಹುದೇ ಎಂದು ನಾಚಿಕೆಯೂ ಆಯಿತು.

ಗುಬ್ಬಿಯಲ್ಲಿ ಉಳಿದದ್ದು ಅತ್ತೆಯ ತಂಗಿಯ ಮನೆಯಲ್ಲಿ. ನಾವು ಅವರನ್ನು ಚಿಕ್ಕತ್ತೆ ಎನ್ನುತ್ತೇವೆ. ಬಿಸಿನೀರು ಹಾಕಿ, ಕಾಲಿಗೆ ಹರಳೆಣ್ಣೆ ತಿಕ್ಕಿ, ಸಂಜೆ ಮನೆದೇವರ ಗುಡಿಗೆ ಕರೆದುಕೊಂಡು ಹೋದರು. ಅಲ್ಲಿ ನನ್ನ ಬಲಗೈಗೆ ಅರಿಶಿನದ ಕೊಂಬು ಸೇರಿಸಿ ಕಂಕಣ ಕಟ್ಟಿಸಿದರು. ಕಟ್ಟಿದ ಮೇಲೆ ಕುಣಿಗಲ್ ಗುಡಿ ಮುಟ್ಟುವವರೆಗೂ ಗಾಡಿ ಹತ್ತುವಂತಿಲ್ಲ. ವಾಪಸು ಬರುವಾಗ ಚಿಕ್ಕತ್ತೆ, "ಸದ್ಯ, ನಾಡಿದ್ದು ಮುಗೀತದಲ್ಲ," ಎಂದರು. "ಆಮ್ಯಾಕೆ ಆರಾಮಾಗಿರು. ಹರಕೆ ತೀರಿದ್ ಮ್ಯಾಲೆ ಅದ್ನೇ ಮತ್ತೆ ಮಾಡ್ಬಾರ್ದು ಕಣಮ್ಮ. ತಿರ್ಗಾ ಓಡಿದ್ರೆ ಅಮ್ಮ ಮೊದ್ಲುದ್ನ ಒಪ್ಲಿಲ್ಲ ಅಂತ ಆಯ್ತದೆ. ಅಕ್ಕನ್ ಕಣ್ಣಿಗ್ ಒಳ್ಳೇದಲ್ಲ."

ನಾನು ಅಲ್ಲೇ ನಿಂತುಬಿಟ್ಟೆ. ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಓಡುವುದಕ್ಕೆ ನೆಪ ಬೇಕೆಂದು ಹರಕೆ ಕಟ್ಟಿದವಳು ನಾನು, ಈಗ ಅದೇ ಹರಕೆ ತೀರಿದ ದಿನ ನನ್ನ ಓಟವೂ ಮುಗಿಯುತ್ತದೆ. ಸೋಮವಾರ ಬೆಳಿಗ್ಗೆ ಶೂ ಹಾಕಿದರೆ ಅತ್ತೆಯ ಕಣ್ಣಿಗೆ ಕೇಡು ಬಯಸಿದಂತೆ. ನಿಜ ಹೇಳಿದರೆ ಅವರ ಮನಸ್ಸು ಮುರಿಯುತ್ತದೆ. ಹೇಳದಿದ್ದರೆ ನಾನು ಮತ್ತೆ ಬಸ್ ಸ್ಟಾಪಿನಲ್ಲಿ ನಿಲ್ಲಬೇಕು. ಏನು ಮಾಡುವುದೆಂದು ತೋಚದೆ ಊಟ ಮಾಡಿ ಮಲಗಿದೆ. ಮುದ್ದೆ, ಅವರೆಕಾಳಿನ ಸಾರು, ಎರಡನೇ ಸಲ ಹಾಕಿಸಿಕೊಂಡೆ.

ಎರಡನೇ ದಿನದ ದಾರಿಯ ಉದ್ದ ಎಷ್ಟೆಂದು ನನಗೆ ಈಗಲೂ ಖಚಿತವಿಲ್ಲ. ಒಳದಾರಿ, ಊರಿನಿಂದ ಊರಿಗೆ ಸುತ್ತಿಕೊಂಡು ಹೋಗುತ್ತದೆ. ಹೆಬ್ಬೂರು ಎಷ್ಟು ದೂರ ಎಂದು ಕೇಳಿದರೆ ಒಬ್ಬರು "ಇಲ್ಲೇ ಹತ್ರ" ಅಂದರು, ಅರ್ಧ ಗಂಟೆ ಓಡಿದ ಮೇಲೆ ಇನ್ನೊಬ್ಬರು "ಹೆಬ್ಬೂರಾ? ಅಯ್ಯೋ ಬಲ್ ದೂರ" ಅಂದರು. ಫೋನಿನ ಮ್ಯಾಪು ಒಂದು ತೋಟದ ಬೇಲಿಯವರೆಗೆ ಕರೆದುಕೊಂಡು ಹೋಗಿ ಕೈಬಿಟ್ಟಿತು. ಅಂದಾಜಿಗೆ ಇಪ್ಪತ್ತೆಂಟು ಎಂದಿಟ್ಟುಕೊಳ್ಳಿ. ಹೊತ್ತೇರಿದಂತೆ ಬಿಸಿಲು ಚುರುಗುಟ್ಟಿತು, ನೆರಳಿದ್ದ ಕಡೆ ಮಾತ್ರ ಚಳಿ.

ಒಂದು ಊರಿನ ಮುಂದೆ ರಸ್ತೆ ತುಂಬ ರಾಗಿ ಹರಡಿದ್ದರು. ಕಣ ಮಾಡುವ ಬದಲು ಡಾಂಬರಿನ ಮೇಲೆ ತೆನೆ ಹಾಸಿದರೆ ಹೋಗಿಬರುವ ಗಾಡಿಗಳೇ ತುಳಿದು ಒಕ್ಕಣೆ ಮಾಡಿಕೊಡುತ್ತವೆ. ಅವತ್ತು ಗಾಡಿ ಕಡಿಮೆ. ಪೊರಕೆ ಹಿಡಿದು ಕೂತಿದ್ದ ಒಬ್ಬ ನಡುವಯಸ್ಸಿನ ಹೆಂಗಸು ನಾನು ಅಂಚಿನಲ್ಲಿ ಹುಷಾರಾಗಿ ಹೋಗುವುದನ್ನು ನೋಡಿ ಕೂಗಿದಳು.

"ಅಂಚಿಗ್ ಯಾಕ್ ಹೋಯ್ತೀಯ? ಮಧ್ಯಕ್ ಬಾರವ್ವ. ಹೆಂಗೂ ಓಡ್ತಿದೀಯ, ನಮ್ ರಾಗಿ ಮೇಲಾದ್ರೂ ಓಡು."

ಮೆತ್ತಗಿನ ಹುಲ್ಲು ಕಾಲಿಗೆ ಹಿತವಾಗಿತ್ತು, ಜಾರುತ್ತಲೂ ಇತ್ತು. ದಾಟಿದ ಮೇಲೆ, "ಇನ್ನೆರಡ್ ಸುತ್ತು ಬಂದ್ಬುಡು," ಎಂದಳು. ತಮಾಷೆಯೋ ನಿಜವೋ ತಿಳಿಯಲಿಲ್ಲ. ನಾನು ತಿರುಗಿ ಓಡಿದೆ. ನಾಲ್ಕು ಸುತ್ತಾಯಿತು. ಅವಳು ನಗುತ್ತ ಪೊರಕೆಯಿಂದ ತೆನೆ ತಿರುವುತ್ತಿದ್ದಳು. ನನ್ನ ಓಟದಿಂದ ಯಾರಿಗಾದರೂ ಒಂದು ಸೇರು ರಾಗಿಯಾದರೂ ಉದುರಿದ್ದರೆ ಅದು ಅಲ್ಲಿಯೇ. ಮಜ್ಜಿಗೆ ಕೊಟ್ಟಳು, ಕಂಕಣ ಕಂಡಳು, ಎಲ್ಲಿಗೆಂದು ಕೇಳಿದಳು. ಹೇಳಿದೆ.

ಅವಳು ಒಳಗೆ ಹೋಗಿ ಒಂದು ತೆಂಗಿನಕಾಯಿ ತಂದಳು. ಸುಲಿದು ಜುಟ್ಟು ಬಿಟ್ಟಿದ್ದ ಕಾಯಿ. "ನನ್ ಮಗಳಿಗೆ ಎರಡ್ ಸಲ ನಿಲ್ಲಲಿಲ್ಲ. ಈಗ ಏಳನೇ ತಿಂಗಳು. ಕುಣಿಗಲ್ ಅಮ್ಮಂಗೆ ಒಂದ್ ಕಾಯಿ ಒಡಸ್ತೀನಿ ಅಂದ್ಕಂಡಿದ್ದೆ, ಹೋಗಾಕೆ ಆಗಿಲ್ಲ. ನಿನ್ ಕಾಲಾಗ್ ಹೋದ್ರೆ ನಾನೇ ಹೋದಂಗೆ." ನಾನು ಬೇಡ ಎನ್ನಲು ಬಾಯಿ ತೆರೆದೆ. ಅವಳ ಮುಖ ನೋಡಿ ಸುಮ್ಮನೆ ತೆಗೆದುಕೊಂಡೆ.

ಅಲ್ಲಿಂದ ಹೆಬ್ಬೂರಿನವರೆಗೂ ಆ ಕಾಯಿ ಬೆನ್ನಿಗೆ ಹೊಡೆಯುತ್ತಲೇ ಇತ್ತು. ಓಡುವವರು ಅರ್ಧ ಲೀಟರ್ ನೀರು ಹೊರುವುದಕ್ಕೂ ಯೋಚಿಸುತ್ತಾರೆ. ನಾನು ಒಂದು ತೆಂಗಿನಕಾಯಿ, ಬಾಡುತ್ತಿದ್ದ ಹೂವು ಮತ್ತು ಇಲ್ಲದ ಒಂದು ಹರಕೆ ಹೊತ್ತುಕೊಂಡು ಓಡಿದೆ. ಮಂಡಿಯ ಪಕ್ಕ ನೋವು ಶುರುವಾಯಿತು. ಬಸ್ಸು ಪಕ್ಕದಲ್ಲೇ ಹೋದಾಗ ಕೈ ಅಡ್ಡ ಹಾಕಬೇಕೆಂದು ಒಂದು ಸಲ ಅನ್ನಿಸಿದ್ದೂ ಹೌದು. ಕಂಕಣ ಇಲ್ಲದಿದ್ದರೆ ಹತ್ತುತ್ತಿದ್ದೆನೇನೋ. ಮೂರೂವರೆಗೆ ಹೆಬ್ಬೂರು ಸೇರಿದೆ. ಅಲ್ಲಿ ನನ್ನ ಜೊತೆ ಲ್ಯಾಬಿನಲ್ಲಿ ಕೆಲಸ ಮಾಡುವ ಮಂಜುಳಾಳ ಮನೆ. ಅವಳೊಬ್ಬಳಿಗೆ ನಿಜ ಗೊತ್ತಿತ್ತು.

"ನಾಳೆ ಏನ್ ಮಾಡ್ತೀರಾ ಅಕ್ಕ?" ಎಂದು ಕೇಳಿದಳು.

"ಗೊತ್ತಿಲ್ಲ ಕಣೆ."

"ಓಡೋದ್ ಬಿಟ್ಬಿಡ್ತೀರಾ?"

ಅದಕ್ಕೂ ಗೊತ್ತಿಲ್ಲ ಎಂದೆ. ಹೇಳುವಾಗ ಅಳು ಬಂತು. ಬರೀ ಓಟಕ್ಕೆ ಯಾರಾದರೂ ಅಳುತ್ತಾರೆಯೇ ಎಂದು ನನಗೇ ಆಶ್ಚರ್ಯವಾಯಿತು.

ಮೂರನೇ ದಿನ ಭಾನುವಾರ. ಹೆಬ್ಬೂರಿನಿಂದ ಕುಣಿಗಲ್ ಹದಿನಾರೇ ಕಿಲೋಮೀಟರು, ರಸ್ತೆ ಚೆನ್ನಾಗಿದೆ. ಎರಡು ಗಂಟೆಯ ದಾರಿ. ನಾನು ಬೇಕೆಂದೇ ನಿಧಾನ ಮಾಡಿದೆ. ಹಳ್ಳಿಯೊಂದರಲ್ಲಿ ಟೀ ಕುಡಿದೆ, ಮುಂದಿನ ಹಳ್ಳಿಯಲ್ಲಿ ಇನ್ನೊಂದು. ಟೀ ಅಂಗಡಿಯ ಮುದುಕರೊಬ್ಬರು, "ಎಲ್ಲಾರೂ ಬ್ಯಾಗ ಮುಟ್ಬೇಕು ಅಂತ ಓಡ್ತಾರೆ. ನೀನ್ಯಾಕಮ್ಮ ಮುಟ್ಟಾಕೇ ಹೆದರ್ತಿದೀಯ?" ಎಂದರು. ಅವರಿಗೆ ಏನು ಕಂಡಿತೋ. ದುಡ್ಡು ಕೊಟ್ಟು ಎದ್ದೆ. ಮಂಡಿಗೆ ಬಟ್ಟೆ ಕಟ್ಟಿಕೊಂಡಿದ್ದೆ, ಮಂಡಿ ಬಿಸಿಯಾದ ಮೇಲೆ ನೋವು ಮರೆತುಹೋಯಿತು. ಕೊನೆಯ ಐದು ಕಿಲೋಮೀಟರು ಮೂರು ದಿನದಲ್ಲೇ ಒಳ್ಳೆಯ ಓಟ. ಗಾಳಿ ಎದುರಿಗಿತ್ತು, ಉಸಿರು ಕಾಲಿನ ಜೊತೆ ಸರಿಯಾಗಿ ಕೂತಿತ್ತು. ಇದನ್ನು ಬಿಟ್ಟು ನಾನು ಬದುಕಬಲ್ಲೆ, ಅದೇನು ಕಷ್ಟವಲ್ಲ. ಆದರೆ ಬಿಡಲು ನನಗೆ ಇಷ್ಟವಿಲ್ಲ. ಇಷ್ಟು ಸರಳವಾದ ಮಾತು ತಲೆಗೆ ಬರಲು ಅರವತ್ತು ಕಿಲೋಮೀಟರು ಹಿಡಿಯಿತು.

ಕುಣಿಗಲ್ ಬಂತು. ಕೆರೆ ತುಂಬಿತ್ತು. ಏರಿಯ ಮೇಲೆ ದೂರದಲ್ಲಿ ಗುಡಿ, ಗುಡಿಯ ಮುಂದೆ ಹಸಿರು ಸೀರೆಯಲ್ಲಿ ಅತ್ತೆ, ಪಕ್ಕದಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದ ಯಜಮಾನರು. ನನ್ನನ್ನು ಮೊದಲು ಗುರುತಿಸಿದವರು ಅತ್ತೆಯೇ. ಕೈ ಎತ್ತಿದರು. ಈಗ ನಾನು ನಿಲ್ಲಬೇಕು. ನಿಲ್ಲಲಿಲ್ಲ. ಹೇಗೆ ವಿವರಿಸುವುದೋ ತಿಳಿಯದು, ಕಾಲು ನಿಲ್ಲಲಿಲ್ಲ ಎಂದಷ್ಟೇ ಹೇಳಬಲ್ಲೆ. ಅವರಿಬ್ಬರ ಮುಂದಿನಿಂದಲೇ, ಗುಡಿಯ ಬಾಗಿಲ ಮುಂದಿನಿಂದಲೇ ಓಡಿಕೊಂಡು ಹೋದೆ.

"ಎಲ್ಲಿಗ್ ಹೋಯ್ತಿದೀಯ? ಗುಡಿ ಇಲ್ಲೈತೆ ಕಣಮ್ಮ," ಎಂದು ಅತ್ತೆ ಕೂಗಿದ್ದು ಕೇಳಿಸಿತು.

ಏರಿ ಮುಗಿಯುವವರೆಗೂ ಹೋದೆ, ಅಲ್ಲಿಂದ ರಸ್ತೆಗಿಳಿದು ಕುದುರೆ ಫಾರಂ ಕಡೆಗೂ ಸ್ವಲ್ಪ ಹೋದೆ. ಬೇಲಿಯ ಆಚೆ ಕುದುರೆಗಳು ತಲೆ ತಗ್ಗಿಸಿ ಮೇಯುತ್ತಿದ್ದವು, ಒಂದೂ ಓಡುತ್ತಿರಲಿಲ್ಲ. ಅಲ್ಲಿ ನಿಂತು ಮಂಡಿಯ ಮೇಲೆ ಕೈಯೂರಿ ಏದುಸಿರು ಬಿಟ್ಟೆ. ಬೆನ್ನಿನ ಮೇಲೆ ಇನ್ನೊಬ್ಬರ ಮಗಳ ಕಾಯಿ ಇತ್ತು. ತಿರುಗಿದೆ. ವಾಪಸು ನಡೆದುಕೊಂಡು ಬಂದೆ.

ಅತ್ತೆ ಸೆರಗಿನಿಂದ ನನ್ನ ಮುಖ ಒರೆಸಿ, "ಬಾ, ಮುಗಿಸ್ಬುಡಾನ," ಎಂದು ಒಳಗೆ ಕರೆದುಕೊಂಡು ಹೋದರು. ಪೂಜಾರಿ ವಯಸ್ಸಾದವರು. ಹೂವು ಮುಡಿಸಿದರು, ಕಾಯಿ ಒಡೆದರು. ಸರಿಯಾಗಿ ಎರಡು ಹೋಳಾಯಿತು. ಆಮೇಲೆ ನನ್ನ ಕೈ ಹಿಡಿದು ಕಂಕಣದ ಗಂಟಿಗೆ ಬೆರಳಿಟ್ಟು, "ಯಾತರ ಹರಕೆ ಅಂತ ಬಾಯ್ಬಿಟ್ ಹೇಳವ್ವ," ಎಂದರು. "ಅಮ್ಮ ಕೇಳಿಸ್ಕಬೇಕು. ಆಮೇಲೆ ಬಿಚ್ತೀನಿ."

ಇದು ಅಲ್ಲಿನ ಪದ್ಧತಿಯಂತೆ. ನನಗೆ ಗೊತ್ತಿರಲಿಲ್ಲ. ಮನೆಯಲ್ಲಿ, ಬಸ್ ಸ್ಟಾಪಿನಲ್ಲಿ, ರಾಗಿ ಹಾಸಿದ ರಸ್ತೆಯಲ್ಲಿ ಸಲೀಸಾಗಿ ಹೇಳಿದ್ದ ಮಾತನ್ನು ಅಮ್ಮನ ಎದುರು ಹೇಳುವ ಧೈರ್ಯವಾಗಲಿಲ್ಲ. ಅತ್ತೆ ಕೈಮುಗಿದುಕೊಂಡು ಪಕ್ಕದಲ್ಲಿ ನಿಂತಿದ್ದರು.

"ಹೂವು ಹೆಗ್ಗೆರೆ ಹತ್ರ ಒಬ್ರದ್ದು," ಅಂದೆ. "ಕಾಯಿ ಒಬ್ಬ ತಾಯಿದು, ಮಗಳ ಬಸಿರಿಗೆ. ಅವೆರಡೂ ನಿಜ. ನಂದೇ ಹರಕೆ ಇಲ್ಲ. ನಂಗೆ ಓಡಬೇಕು ಅನ್ನಿಸ್ತು, ಓಡ್ಬಂದೆ. ಅತ್ತೆ ಕಣ್ಣಿಗೆ ಅಂತ ಸುಳ್ಳು ಹೇಳಿದ್ದೆ."

ಪೂಜಾರಿ ನನ್ನನ್ನೂ ಅತ್ತೆಯನ್ನೂ ನೋಡಿದರು. "ಕಟ್ಟಿದ್ ಮೇಲೆ ಬಿಚ್ಲೇಬೇಕು," ಎಂದು ತಮಗೆ ತಾವೇ ಹೇಳಿಕೊಂಡು ಕಂಕಣ ಬಿಚ್ಚಿ ಕೆರೆಗೆ ಬಿಡಲು ಕೊಟ್ಟರು. ಯಜಮಾನರು ಹೊರಗೆ ಹೋಗಿ ಚಪ್ಪಲಿ ಹುಡುಕಲು ಶುರುಮಾಡಿದರು. ಅದು ಅವರ ಕಾಲ ಬುಡದಲ್ಲೇ ಇತ್ತು.

ಅತ್ತೆ ಬೈಯುತ್ತಾರೆಂದು ಕಾದೆ. ದೇವರ ಹೆಸರಲ್ಲಿ ಸುಳ್ಳಾಡಿದೆ, ಊರು ತುಂಬ ನನ್ನ ಮಾನ ತೆಗೆದೆ ಎಂದು ಬೈಯಬಹುದಿತ್ತು. ಅವರು ಕೇಳಿದ್ದು ಬೇರೆ.

"ಹಂಗಾರೆ ನನ್ ಕಣ್ಣಿಗೆ ಅಂತ ಯಾರೂ ಹೊತ್ಕಂಡಿರ್ಲಿಲ್ವಾ?"

ಇಲ್ಲ ಎಂದು ತಲೆಯಾಡಿಸಿದೆ. ಅವರು ಹೂಂ ಎಂದು ಮೆಟ್ಟಿಲಿಳಿದರು. ನಾನು ಒಂದೂವರೆ ವರ್ಷದಿಂದ ಓಟದ ಬಗ್ಗೆ ತಲೆ ಕೆಡಿಸಿಕೊಂಡಿದ್ದೆ. ಆಪರೇಷನ್ ಟೇಬಲ್ಲಿನ ಮೇಲೆ ಮಲಗಿದ್ದವರಿಗೆ ಹೆದರಿಕೆ ಆಗಿತ್ತೇ ಎಂದು ಒಂದು ದಿನವೂ ಕೇಳಿರಲಿಲ್ಲ. ನನಗೆ ನನ್ನ ಮೇಲೆಯೇ ಅಸಹ್ಯವಾಯಿತು.

ಎರಡೂವರೆಯ ಬಸ್ಸಿನಲ್ಲಿ ತುಮಕೂರಿಗೆ ಹೊರಟೆವು. ನನಗೂ ಅತ್ತೆಗೂ ಆಧಾರ್ ತೋರಿಸಿ ಫ್ರೀ ಟಿಕೆಟ್, ಯಜಮಾನರು ದುಡ್ಡು ಕೊಟ್ಟು ಹಿಂದೆ ನಿಂತರು. ಅತ್ತೆ ಕಿಟಕಿಯ ಪಕ್ಕ ಕೂತು ಹೊರಗೇ ನೋಡುತ್ತಿದ್ದರು. ಊರು ದಾಟಿದ ಮೇಲೆ ಕೇಳಿದರು.

"ಇಲ್ಲೂ ಓಡಿದ್ಯಾ?"

"ಹೂಂ."

ಎರಡು ಊರು ಹೋಯಿತು. "ಈ ಏರಲ್ಲೂ?"

"ಹೂಂ ಅತ್ತೆ."

ನಾನು ಬೆಳಿಗ್ಗೆಯೆಲ್ಲ ಓಡಿ ಸವೆಸಿದ್ದನ್ನು ಬಸ್ಸು ನಿಮಿಷಗಳಲ್ಲಿ ಹಿಂದಕ್ಕೆ ಹಾಕುತ್ತಿತ್ತು. ಹೆಬ್ಬೂರಿನಲ್ಲಿ ಜನ ಇಳಿದು ಹತ್ತಿದರು. "ತಪ್ಪಾಯ್ತು ಅತ್ತೆ," ಅಂದೆ. "ಆದ್ರೆ ನಾಳೆ ಬೆಳಿಗ್ಗೆ ನಾನು ಓಡ್ತೀನಿ. ಯಾರಿಗೂ ಏನೂ ಹೇಳಲ್ಲ. ಓಡ್ಬೇಕು ನಂಗೆ."

"ಓಡ್ಕೊ. ನಾನೇನ್ ನಿನ್ ಕಾಲ್ ಕಟ್ಟಿದೀನಾ?" ಧ್ವನಿಯಲ್ಲಿ ಕೋಪ ಇತ್ತು. ಕನ್ನಡಕ ತೆಗೆದು ಸೆರಗಿಗೆ ಒರೆಸಿ ಮತ್ತೆ ಹಾಕಿಕೊಂಡರು. ನಾಗವಲ್ಲಿ ದಾಟಿದ ಮೇಲೆ ಹೇಳಿದರು: "ಎಡಗಣ್ಣಿಂದು ಇನ್ನೂ ಬಾಕಿ ಐತೆ. ಬ್ಯಾಸ್ಗೇಲಿ ಮಾಡ್ತೀವಿ ಅಂದವ್ರೆ ಡಾಕ್ಟ್ರು. ಅದಕ್ಕಾದ್ರೂ ನಿಜ್ವಾಗ್ಲೂ ಹೊತ್ಕೊ."

ನಾನು ಅವರ ಮುಖ ನೋಡಿದೆ. ಇದು ಕ್ಷಮೆಯೋ, ಶಿಕ್ಷೆಯೋ, ಅಪ್ಪಣೆಯೋ ಅರ್ಥವಾಗಲಿಲ್ಲ. ಅವರು ನನ್ನ ಕಡೆ ನೋಡಲೇ ಇಲ್ಲ. ಟಿಕೆಟ್ ಕೊಡುತ್ತ ಬಂದ ಕಂಡಕ್ಟರನ ತೋಳು ಹಿಡಿದು ನಿಲ್ಲಿಸಿದರು.

"ಏನಪ್ಪ, ತುಮಕೂರಿಂದ ಹುಲಿಯೂರುದುರ್ಗ ಎಷ್ಟಾಯ್ತದೆ? ಅಲ್ಲಿ ನಮ್ಮವ್ವನ್ ಕಡೆ ದೇವ್ರೈತೆ."

"ಕುಣಿಗಲ್ ಮೇಲೆ ಹೋಗ್ಬೇಕು ಅಜ್ಜಿ. ಅರವತ್ ಕಿಲೋಮೀಟರ್ ಹತ್ರ ಆಯ್ತದೆ."

"ಗುಬ್ಬಿ ಮೇಲೆ ಹೋದ್ರೆ?"

"ಗುಬ್ಬಿಗ್ಯಾಕ್ ಹೋಯ್ತೀರಾ? ಅದು ವಿಪರೀತ ಸುತ್ತು. ತೊಂಬತ್ತಾಗ್ಬೋದು."

ಅತ್ತೆ ಅವನ ತೋಳು ಬಿಟ್ಟು, ಕುಣಿಗಲ್ ಬಿಟ್ಟ ಮೇಲೆ ಮೊದಲ ಸಲ ನನ್ನ ಕಡೆ ತಿರುಗಿದರು.

"ಅಷ್ಟ್ ಸಾಕಾಯ್ತದಾ ನಿಂಗೆ?"